ಹಲಗೆಯ ಅಡಿಯನ್ನೂ ತೋರಿಸೋಣ

(ಬೆಂಗಳೂರಿನಲ್ಲಿ ಮಾದರಿ ರೈಲು ಕಟ್ಟುವ ಹವ್ಯಾಸಿಗಳ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಊರಿನಲ್ಲಿ ‘ಲೇಔಟ್’ ಅಂದ ಕೂಡಲೇ ಸೈಟು, ಖಾತೆ, ಕಾವೇರಿ ನೀರು ನೆನಪಾಗುತ್ತದೆ. ನಾನು ಇವತ್ತು ಮಾತಾಡುವ ಲೇಔಟ್ ಬೇರೆ. ಪ್ಲೈವುಡ್ ಹಲಗೆಯ ಮೇಲೆ ಹಳಿ, ಸ್ಟೇಷನ್ನು, ಗುಡ್ಡ, ಸೇತುವೆ, ರಸ್ತೆ, ಆ ರಸ್ತೆಯ ಮೇಲೆ ಬೆರಳುದ್ದದ ಲಾರಿ. ಹೊಸಬರು ಒಂದಷ್ಟು ಜನ ಬಂದಿದ್ದೀರಿ, ಅದಕ್ಕೇ ಮೊದಲಿಂದ ಹೇಳುತ್ತೇನೆ.

ನನ್ನ ಮುಂದಿರುವ ಈ ಹಲಗೆ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ. ಇದರ ಮೇಲಿರುವುದು ಶಿರಾಡಿ ಘಾಟಿಯ ಒಂದು ತುಂಡು. ದೋಣಿಗಾಲ್ ಕಡೆಯ ಹಾಗೆ ಕಾಣಬಹುದು. ಆದರೆ ಅಲ್ಲಿ ಹೋಗಿ ಹುಡುಕಿದರೆ ಈ ತಿರುವು ಸಿಗುವುದಿಲ್ಲ. ನಾನು ನೋಡಿದ ನಾಲ್ಕೈದು ತಿರುವುಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಹಾಗೆ ಮಾಡದೆ ಬೇರೆ ದಾರಿಯೇ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ರೈಲು ದಾರಿ ಸುಮಾರು 55 ಕಿ.ಮೀ. ಅದರಲ್ಲಿ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ನಾವು ಕಟ್ಟುವುದು ಎಚ್‌ಓ ಅಳತೆಯಲ್ಲಿ, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಆ ಅಳತೆಯಲ್ಲೂ ಈ ಘಾಟಿ 632 ಮೀಟರ್ ಆಗುತ್ತದೆ. ಕಂಠೀರವ ಸ್ಟೇಡಿಯಂನ ಓಟದ ಪಟ್ಟಿಯಲ್ಲಿ ಒಂದೂವರೆ ಸುತ್ತಿಗೂ ಜಾಸ್ತಿ. ಯಾರ ಮನೆಯಲ್ಲಿ ಅಷ್ಟು ಜಾಗ ಇದೆ?

ಘಾಟಿಯ ಏರು 50ಕ್ಕೆ 1, ಅಂದರೆ 50 ಮೀಟರ್ ಹೋದರೆ 1 ಮೀಟರ್ ಎತ್ತರ. ಒಂದು ಹಳಿ ಇನ್ನೊಂದು ಹಳಿಯ ಮೇಲೆ ಹಾದು ಹೋಗಬೇಕಾದರೆ ಸುಮಾರು 8 ಸೆಂ.ಮೀ. ಎತ್ತರ ಬೇಕು. ಅದೇ ಏರಿನಲ್ಲಿ ಹತ್ತಿಸಿದರೆ 4 ಮೀಟರ್ ಹಳಿ ಬೇಕು. ಈಗಿನ ಎಲ್‌ಎಚ್‌ಬಿ ಅನ್ನುವ ಬಗೆಯ ಬೋಗಿ ನಮ್ಮ ಅಳತೆಯಲ್ಲಿ ಒಂದೇ 27 ಸೆಂ.ಮೀ. ನಾಲ್ಕು ಬೋಗಿ ನಿಲ್ಲಿಸಿದರೆ ಈ ಹಲಗೆ ಮುಗಿದೇ ಹೋಯಿತು. ಇನ್ನು ಹಳಿಯ ಅಗಲ. ಎಚ್‌ಓ ಹಳಿ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ 1435 ಮಿ.ಮೀ. ಬರುತ್ತದೆ. ಅದು ನಮ್ಮ ಮೆಟ್ರೋ ಹಳಿಯ ಅಗಲ! ಮೆಟ್ರೋ ಕಟ್ಟುವವರಿಗೆ ಈ ಹಳಿ ಸರಿಯಾಗಿ ಹೊಂದುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅದಕ್ಕೆ 19 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಅಗಲದ ಹಳಿ ಬೇಕು. ಅಂಥ ಹಳಿ, ಗಾಲಿ ಅಂಗಡಿಯಲ್ಲಿ ಸುಮ್ನೆ ಸಿಗುವುದಿಲ್ಲ. ಎಲ್ಲವನ್ನೂ ಕೈಯಲ್ಲೇ ಮಾಡಬೇಕು. ನಾನು 16.5ಕ್ಕೇ ಒಪ್ಪಿಕೊಂಡಿದ್ದೇನೆ.

ಉದ್ದದಲ್ಲಿ, ಏರಿನಲ್ಲಿ, ಹಳಿಯ ಅಗಲದಲ್ಲಿ, ಹೀಗೆ ಎಲ್ಲದರಲ್ಲೂ ಬಿಟ್ಟುಕೊಟ್ಟ ಮೇಲೆ ಈ ಹಲಗೆ ಘಾಟಿಯ ಹಾಗೆ ಕಾಣುವುದು ಹೇಗೆ? ನನ್ನ ಅನುಭವದಲ್ಲಿ ಆ ಕೆಲಸ ಮಾಡುವುದು ದೀಪ. ಅದಕ್ಕೇ ಇವತ್ತು ದೀಪದ ಮಾತು, ಅದರಲ್ಲೂ ಈ ಲಾರಿಯ ದೀಪದ ಮಾತು.

ಹತ್ತಿರ ಬಂದು ನೋಡಿ. ಇದು ಹಳೇ ಕಾಲದ ಲಾರಿ, ಗುಂಡು ಹೆಡ್‌ಲೈಟಿನದು. ಉದ್ದ 9 ಸೆಂ.ಮೀ. ನಿಜವಾದ ಲಾರಿಯಲ್ಲಿ ಆ ಗುಂಡು ದೀಪದ ಅಗಲ 7 ಇಂಚು. ಇಲ್ಲಿ ಅದು 2 ಮಿ.ಮೀ. ಆಗಬೇಕು. ಜೋಳದ ಕಾಳಿಗಿಂತ ಚಿಕ್ಕದು. ಹಿಂದೆಲ್ಲ ಇದಕ್ಕೆ ಗೋಧಿಕಾಳಿನ ಗಾತ್ರದ, ಒಳಗೆ ತಂತಿ ಕಾಯುವ ಬಲ್ಬು ಹಾಕುತ್ತಿದ್ದರು. ನಾನೂ ಹಾಕಿದ್ದೆ. ಬೆಳಕು ಚೆನ್ನಾಗಿತ್ತು, ಬಣ್ಣವೂ ಬೆಚ್ಚಗಿತ್ತು. ಅರ್ಧ ಗಂಟೆ ಉರಿದ ಮೇಲೆ ಲಾರಿಯ ಮೂತಿ ಮೆತ್ತಗಾಗಿ ಒಂದು ಕಡೆ ವಾಲಿತ್ತು. ಪ್ಲಾಸ್ಟಿಕ್ಕಿಗೆ ಆ ಶಾಖ ತಡೆಯಲಿಲ್ಲ.

ಆಮೇಲೆ ಎಲ್‌ಇಡಿಗೆ ಬಂದೆ. ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್‌ಪಿ ರೋಡಿನಲ್ಲಿ 0603 ಅಂತ ಕೇಳಿದರೆ ಪಟ್ಟಿಯಲ್ಲಿ ಅಂಟಿಸಿದ ಪುಟ್ಟ ಎಲ್‌ಇಡಿ ಕೊಡುತ್ತಾರೆ. 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲ. ನಮ್ಮ 2 ಮಿ.ಮೀ. ಗುಂಡಿಯ ಹಿಂದೆ ಸರಿಯಾಗಿ ಕೂರುತ್ತದೆ. ಇನ್ನೂ ಚಿಕ್ಕದಾದ ಎನ್ ಅಳತೆಯಲ್ಲಿ, ಅಂದರೆ 160ರಲ್ಲಿ ಒಂದು ಪಾಲಿನಲ್ಲಿ ಕಟ್ಟುವವರಿಗೆ 0402 ಬೇಕು. ಅದು 1 ಮಿ.ಮೀ.ಗೆ ಅರ್ಧ ಮಿ.ಮೀ. ಫ್ಯಾನ್ ಹಾಕಿಕೊಂಡು ಕೆಲಸ ಮಾಡಬೇಡಿ, ಹಾರಿ ಹೋದರೆ ಸಿಗುವುದಿಲ್ಲ.

ಬೆಸುಗೆ ಹಾಕುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಮೇಜಿನ ಮೇಲೆ ಎರಡೂ ಕಡೆ ಅಂಟಿರುವ ಟೇಪಿನ ಒಂದು ತುಂಡು ಅಂಟಿಸಿ. ಎಲ್‌ಇಡಿಯನ್ನು ಮಗುಚಿ ಅದರ ಮೇಲೆ ಕೂರಿಸಿ. ತಂತಿ 0.1 ಮಿ.ಮೀ. ಎನಾಮಲ್ ತಂತಿ, ಕೂದಲಿನಷ್ಟು ತೆಳು. ಅದರ ಮೇಲಿನ ಎನಾಮಲ್ಲನ್ನು ಬ್ಲೇಡಿನಲ್ಲಿ ಕೆರೆಯಲು ಹೋಗಬೇಡಿ, ತುಂಡಾಗುತ್ತದೆ. ಬೆಸುಗೆ ಐರನ್ನಿನ ತುದಿಯಲ್ಲಿ ಒಂದು ಹನಿ ಬೆಸುಗೆ ಸೀಸ ಕರಗಿಸಿ, ತಂತಿಯ ತುದಿಯನ್ನು ಆ ಹನಿಯೊಳಗೆ ಒಂದೆರಡು ಸೆಕೆಂಡ್ ಹಿಡಿಯಿರಿ. ಎನಾಮಲ್ ಸುಟ್ಟು ಹೋಗಿ ತುದಿ ಬೆಳ್ಳಗಾಗುತ್ತದೆ. ಆಮೇಲೆ ಎಲ್‌ಇಡಿಗೆ ಮುಟ್ಟಿಸಿ ತೆಗೆದುಬಿಡಿ. ಹಿಡಿದುಕೊಂಡು ಕೂರಬೇಡಿ. ಜಾಸ್ತಿ ಕಾದರೆ ಎಲ್‌ಇಡಿ ಸಾಯುತ್ತದೆ.

ನನ್ನ ಎಲ್‌ಇಡಿ ಲಾರಿ ಮೊದಲ ಸಲ ಉರಿದಾಗ ಇಡೀ ಮೂತಿ ಆಕಾಶಬುಟ್ಟಿಯ ಹಾಗೆ ಬೆಳಗಿತು. ಬಾಗಿಲು, ಬಾನೆಟ್ಟು, ಎಲ್ಲಾ ಕಡೆಯಿಂದ ಬೆಳಕು. ತೆಳು ಪ್ಲಾಸ್ಟಿಕ್ ಬೆಳಕನ್ನು ತಡೆಯುವುದಿಲ್ಲ. ಒಳಗೆ ಎರಡು ಸಲ ಕಪ್ಪು ಬಣ್ಣ ಬಳಿದ ಮೇಲೆ ಬೆಳಕು ಎರಡು ಗುಂಡಿಯಿಂದ ಮಾತ್ರ ಬಂತು. ಆದರೂ ಏನೋ ಸರಿ ಇರಲಿಲ್ಲ. ನೋಡಿದರೆ ಕಣ್ಣಿಗೆ ಚುಚ್ಚುತ್ತಿತ್ತು. ಲಾರಿ ಕಾಣುತ್ತಲೇ ಇರಲಿಲ್ಲ, ಎರಡು ಬಿಳಿ ಚುಕ್ಕಿ ಮಾತ್ರ.

ಲೆಕ್ಕ ನೋಡಿ. ನನ್ನ ಹಲಗೆಗೆ 12 ವೋಲ್ಟ್ ಕೊಡುತ್ತೇನೆ. ಬಿಳಿ ಎಲ್‌ಇಡಿ 3 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 9 ವೋಲ್ಟನ್ನು ಕರೆಂಟಿಗೆ ತಡೆ ಹಾಕುವ ರೆಸಿಸ್ಟರ್ ಹೊರಬೇಕು. ನಾನು ಹಾಕಿದ್ದು 470 ಓಮ್. ಹಾಗಾದರೆ ಸುಮಾರು 19 ಮಿಲಿ ಆಂಪಿಯರ್ ಹರಿಯುತ್ತದೆ. ಎಲ್‌ಇಡಿ ಅದನ್ನು ತಡೆದುಕೊಳ್ಳುತ್ತದೆ, ಸುಡುವುದಿಲ್ಲ. ಆದರೆ ನಮ್ಮ ಲೋಕಕ್ಕೆ ಅದು ತೀರಾ ಜಾಸ್ತಿ. ಈಗ ಹಾಕಿರುವುದು 10,000 ಓಮ್. ಹರಿಯುವುದು 1 ಮಿಲಿ ಆಂಪಿಯರಿಗಿಂತ ಕಡಿಮೆ, ಮೊದಲಿನ ಇಪ್ಪತ್ತರಲ್ಲಿ ಒಂದು ಪಾಲು. ಅಷ್ಟು ಇಳಿಸಿದ ಮೇಲೆ ಲಾರಿಯ ಬಂಪರ್ ಕಂಡಿತು, ಮುಂದಿನ ಟಾರ್ ರಸ್ತೆ ಕಂಡಿತು, ರಸ್ತೆ ಬದಿಯ ಕಲ್ಲಿನ ನೆರಳು ಕಂಡಿತು. ಇಡೀ ಗುಡ್ಡ ದೊಡ್ಡದಾದ ಹಾಗೆ ಆಯಿತು. ನಿಮ್ಮ ಹತ್ತಿರ ಹಳೇ ಲೇಔಟ್ ಇದ್ದರೆ, ಇವತ್ತು ಮನೆಗೆ ಹೋಗಿ ಮೊದಲು ರೆಸಿಸ್ಟರ್ ಬದಲಾಯಿಸಿ. ಹೊಸ ದೀಪ ಆಮೇಲೆ ಕೊಳ್ಳಿ.

ಈಗ ಈ ಲಾರಿ ಯಾಕೆ ರಸ್ತೆ ಪಕ್ಕ ನಿಂತಿದೆ ಅಂತ ಹೇಳುತ್ತೇನೆ. ಇದು ಕೆಟ್ಟು ನಿಂತ ಗಾಡಿ. ಘಾಟಿಯಲ್ಲಿ ರಾತ್ರಿ ಓಡಾಡಿದವರಿಗೆ ಗೊತ್ತು. ಹಿಂದೆ ನಾಲ್ಕು ಕಲ್ಲು ಇಟ್ಟಿರುತ್ತಾರೆ, ಸೊಪ್ಪಿರುವ ಒಂದು ಕೊಂಬೆ ಮುರಿದು ರಸ್ತೆಗೆ ಹಾಕಿರುತ್ತಾರೆ. ಕ್ಲೀನರ್ ಹುಡುಗ ಗಾಲಿಗೆ ಒರಗಿ ಕೂತಿರುತ್ತಾನೆ. ನಾನು ಆ ಕಲ್ಲು ಇಟ್ಟೆ, ಒಣಗಿದ ಪಾಚಿಯಿಂದ ಕೊಂಬೆ ಮಾಡಿದೆ, ಹುಡುಗನನ್ನೂ ಕೂರಿಸಿದೆ. ನಾಲ್ಕೂ ಇಂಡಿಕೇಟರ್ ಮಿಣುಕುವ ಹಾಗೆ ಮಾಡಿದೆ. ನಿಜವಾದ ಗಾಡಿಯಲ್ಲಿ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿಣುಕುತ್ತದೆ. ನಾನು 80 ಇಟ್ಟೆ. ಅದಕ್ಕೆ 555 ಅನ್ನುವ ಐಸಿ, ಅಂದರೆ ಪುಟ್ಟ ಚಿಪ್ ಸಾಕು. 1972ರಲ್ಲಿ ಮಾರುಕಟ್ಟೆಗೆ ಬಂದ ಐಸಿ, ಇವತ್ತಿಗೂ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಈ ಹಲಗೆಯನ್ನು ಒಂದು ಸಲ ಪ್ರದರ್ಶನಕ್ಕೆ ಇಟ್ಟಿದ್ದೆವು. ಮಕ್ಕಳು ರೈಲು ನೋಡುತ್ತಿದ್ದರು. ವಯಸ್ಸಾದ ಒಬ್ಬರು ಮಾತ್ರ ಈ ಮೂಲೆಯಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ಕರೆದರು.

“ಸಾರ್, ಇದು ಕೆಟ್ ನಿಂತಿರೋ ಗಾಡಿ ಅಲ್ವಾ?”

“ಹೌದು ಯಜಮಾನ್ರೇ.”

“ಹಂಗಾದ್ರೆ ಲೈಟು ಇಷ್ಟು ಬೆಳ್ಳಗೆ ಉರಿಯಲ್ಲ. ಇಂಜಿನ್ ಆಫ್ ಮಾಡಿ ಗಂಟೆಗಟ್ಲೆ ಆಗಿರುತ್ತೆ. ಬ್ಯಾಟ್ರಿ ಇಳಿದಿರುತ್ತೆ. ದೊಡ್ ಲೈಟು ಯಾರೂ ಹಾಕ್ಕೊಂಡು ಕೂರಲ್ಲ. ಪಾರ್ಕಿಂಗ್ ಒಂದೇ. ಅದೂ ಕೆಂಪಗೆ ಉರೀತಾ ಇರುತ್ತೆ. ಇಂಡಿಕೇಟ್ರೂ ಹಿಂಗೆ ಪಟ್ ಪಟ್ ಅನ್ನಲ್ಲ. ನಿಧಾನಕ್ಕೆ ಹತ್ತಿ ನಿಧಾನಕ್ಕೆ ಆರುತ್ತೆ.”

ಮೂವತ್ತು ವರ್ಷಕ್ಕೂ ಜಾಸ್ತಿ ಮಂಗಳೂರು ರಸ್ತೆಯಲ್ಲಿ ಲಾರಿ ಓಡಿಸಿದವರು ಅವರು. ನಾನು ಒಂದು ಚೀಟಿಯ ಮೇಲೆ ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಹೆಡ್‌ಲೈಟಿನ ಗಾಜಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದದ್ದನ್ನೂ ಅವರೇ ನೆನಪು ಮಾಡಿದರು. ಎದುರಿನವರ ಕಣ್ಣಿಗೆ ಹೊಡೆಯಬಾರದು ಅಂತ ಹಾಗೆ ಬಳಿಯುತ್ತಿದ್ದರು.

ಮನೆಗೆ ಬಂದು ಇಡೀ ವಾರ ಅದೇ ಕೆಲಸ. ಹೆಡ್‌ಲೈಟು ಆರಿಸಿದೆ. ಪಾರ್ಕಿಂಗ್ ದೀಪಕ್ಕೆ ಹಳದಿ ಬೆಳಕಿನ 0402 ಹಾಕಿ, ಅದರ ಮೇಲೆ ಗಾಜಿಗೆ ಬಳಿಯುವ ಕಿತ್ತಳೆ ಬಣ್ಣವನ್ನು ಒಂದು ಪದರ ಹಚ್ಚಿದೆ. ರೆಸಿಸ್ಟರ್ 33,000 ಓಮ್ ಮಾಡಿದೆ. ಇಂಡಿಕೇಟರ್ ನಿಧಾನ ಹತ್ತಿ ಆರುವುದಕ್ಕೆ 555 ಸಾಲಲಿಲ್ಲ. ಅದು ಒಂದೋ ಉರಿಸುತ್ತದೆ ಇಲ್ಲವೋ ಆರಿಸುತ್ತದೆ. ಹಳೇ ಬಲ್ಬಿನಲ್ಲಿ ತಂತಿ ಕಾಯಲು, ತಣ್ಣಗಾಗಲು ಸ್ವಲ್ಪ ಹೊತ್ತು ಬೇಕು, ಆ ಹೊತ್ತು ನಮ್ಮ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಎಂಟು ಕಾಲಿನ ಅಟೈನಿ85 ಚಿಪ್ ಹಾಕಿ, ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುವ ಹಾಗೆ ಪುಟ್ಟ ಪ್ರೋಗ್ರಾಂ ಬರೆದೆ. ಹಗಲಲ್ಲಿ ನೋಡಿದರೆ ಈಗ ಲಾರಿಯಲ್ಲಿ ದೀಪ ಇದೆ ಅಂತಲೇ ಗೊತ್ತಾಗುವುದಿಲ್ಲ. ಕತ್ತಲಲ್ಲಿ ಮಾತ್ರ ಕಾಣುತ್ತದೆ. ನಾನು ಮಾಡಿದ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದು.

ಆ ಯಜಮಾನರಿಗೆ ಬೆಸುಗೆ ಗೊತ್ತಿಲ್ಲ, ರೆಸಿಸ್ಟರ್ ಗೊತ್ತಿಲ್ಲ. ಆದರೆ ಹಲಗೆಯನ್ನು ನಾಲ್ಕು ಜನರ ಮುಂದೆ ಇಡದೇ ಹೋಗಿದ್ದರೆ ಈ ಲಾರಿ ಇವತ್ತಿಗೂ ತಪ್ಪು ಬೆಳಕಿನಲ್ಲೇ ನಿಂತಿರುತ್ತಿತ್ತು.

ರೈಲಿನ ದೀಪದ ಬಗ್ಗೆ ಒಂದೇ ಒಂದು ವಿಷಯ ಹೇಳುತ್ತೇನೆ, ಕೊನೆಯ ಬೋಗಿಯ ಕೆಂಪು ದೀಪ. ಹಗಲಲ್ಲಿ ಕೊನೆಯ ಬೋಗಿಗೆ ‘ಎಲ್‌ವಿ’, ಅಂದರೆ ‘ಲಾಸ್ಟ್ ವೆಹಿಕಲ್’ ಅನ್ನುವ ಫಲಕ ಇರುತ್ತದೆ, ರಾತ್ರಿ ಮಿಣುಕುವ ಕೆಂಪು ದೀಪ. ಸ್ಟೇಷನ್ನಿನವರು ಅದನ್ನು ನೋಡಿದರೆ ಗಾಡಿ ಪೂರ್ತಿ ಬಂದಿದೆ, ಮಧ್ಯೆ ಕಳಚಿಕೊಂಡಿಲ್ಲ ಅಂತ ಅರ್ಥ. ಅಂಥ ದೀಪವನ್ನು ನಾವು ಅಂದಕ್ಕೆ ಅಂತ ಎಲ್ಲೆಂದರಲ್ಲಿ ಹಾಕಬಾರದು. ಹಾಕಿದರೆ ಆರದ ಹಾಗೆ ನೋಡಿಕೊಳ್ಳಬೇಕು. ಕಷ್ಟ ಏನೆಂದರೆ, ಬೋಗಿಗೆ ಕರೆಂಟು ಬರುವುದು ಹಳಿಯಿಂದ, ಗಾಲಿಯ ಮೂಲಕ. ಹಳಿಯ ಮೇಲೆ ಚೂರು ಧೂಳಿದ್ದರೂ ದೀಪ ಪಕಪಕ ಅನ್ನುತ್ತದೆ. ಅದಕ್ಕೆ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಬ್ರಿಡ್ಜ್ ರೆಕ್ಟಿಫೈಯರ್ ಹಾಕಿ, ಅದರ ಹಿಂದೆ ಕರೆಂಟು ಕೂಡಿಟ್ಟುಕೊಳ್ಳುವ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ. ಇಲ್ಲೂ ನೋಡಿ, ಎಲ್‌ಇಡಿ 1 ಮಿಲಿ ಆಂಪಿಯರಿನಲ್ಲಿ ಉರಿಯುತ್ತಿದ್ದರೆ ಆ ಕೆಪಾಸಿಟರ್ ಎರಡು ಸೆಕೆಂಡಿಗೂ ಜಾಸ್ತಿ ಹೊತ್ತು ದೀಪ ಕಾಪಾಡುತ್ತದೆ. 20 ಮಿಲಿ ಆಂಪಿಯರ್ ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ. ಮಂದ ದೀಪ ಇಲ್ಲೂ ಕೈ ಹಿಡಿಯಿತು.

ಹಳೇ ಪದ್ಧತಿಯ ಡಿಸಿ ಕರೆಂಟಿನಲ್ಲಿ ಗಾಡಿ ನಿಂತರೆ ಹಳಿಯಲ್ಲಿ ಕರೆಂಟೇ ಇರುವುದಿಲ್ಲ. ಸ್ಟೇಷನ್ನಿನಲ್ಲಿ ನಿಂತ ಗಾಡಿ ಪೂರ್ತಿ ಕತ್ತಲು. ಡಿಸಿಸಿ ಅನ್ನುವ ಡಿಜಿಟಲ್ ಪದ್ಧತಿಯಲ್ಲಿ ಹಾಗಲ್ಲ. ಹಳಿಯಲ್ಲಿ ಯಾವಾಗಲೂ ಕರೆಂಟು ಇರುತ್ತದೆ, ಅದರ ಜೊತೆಗೇ ‘ಮೂರನೇ ನಂಬರ್ ಇಂಜಿನ್, ನಿಧಾನ ಹೋಗು’ ಅನ್ನುವ ಅಪ್ಪಣೆಯೂ ಹೋಗುತ್ತದೆ. ಜರ್ಮನಿಯ ಲೆನ್ಜ್ ಕಂಪನಿಯ ಕೆಲಸದ ಮೇಲೆ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಘ 1990ರ ದಶಕದಲ್ಲಿ ಇದನ್ನು ಎಲ್ಲರಿಗೂ ಒಂದೇ ನಿಯಮವಾಗಿ ಮಾಡಿತು. ಹಾಗಾಗಿ ಈ ನಿಯಮ ಪಾಲಿಸುವ ಯಾವ ಕಂಪನಿಯ ಇಂಜಿನ್ನಾದರೂ ಅದೇ ನಿಯಮದ ಯಾರ ಹಳಿಯ ಮೇಲಾದರೂ ಓಡುತ್ತದೆ. ಹಂಚಿಕೊಳ್ಳಬೇಕು ಅನ್ನುವ ಮನಸ್ಸಿದ್ದರಿಂದ ಬಂದದ್ದು ಇದು.

ಜರ್ಮನಿಯ ಹ್ಯಾಂಬರ್ಗಿನಲ್ಲಿರುವ ಭಾರೀ ಮಾದರಿ ರೈಲು ಪ್ರದರ್ಶನ ಮಿನಿಯಾಟೂರ್ ವುಂಡರ್‌ಲಾಂಡ್ ಬಗ್ಗೆ ನೀವೆಲ್ಲ ಕೇಳಿದ್ದೀರಿ. ಬ್ರೌನ್ ಅನ್ನುವ ಅವಳಿ ಅಣ್ಣತಮ್ಮಂದಿರು 2001ರಲ್ಲಿ ಹಳೇ ಗೋದಾಮಿನಲ್ಲಿ ಶುರು ಮಾಡಿದ್ದು. ಅಲ್ಲಿ ಹಗಲು ರಾತ್ರಿ ಎರಡೂ ಸೇರಿ ಕಾಲು ಗಂಟೆಗೆ ಒಂದು ದಿನ ಮುಗಿಯುತ್ತದೆ. ಕತ್ತಲಾದ ಕೂಡಲೇ ಲಕ್ಷಗಟ್ಟಲೆ ದೀಪ ಹತ್ತುತ್ತದೆ, ಅಗ್ನಿಶಾಮಕ ಗಾಡಿಗಳು ನೀಲಿ ದೀಪ ಮಿಣುಕಿಸುತ್ತ ಓಡುತ್ತವೆ. ರಸ್ತೆಯ ಮೇಲೆ ತಾನಾಗಿ ಓಡುವ ಗಾಡಿಯ ಗುಟ್ಟು ಸರಳ. ರಸ್ತೆಯ ಅಡಿ ಒಂದು ಕಬ್ಬಿಣದ ತಂತಿ ಹೂತಿರುತ್ತಾರೆ. ಗಾಡಿಯ ಮುಂದಿನ ಗಾಲಿಗಳ ಕಡ್ಡಿಗೆ ಪುಟ್ಟ ಮ್ಯಾಗ್ನೆಟ್ ಇರುತ್ತದೆ, ಅದು ತಂತಿಯನ್ನೇ ಹಿಡಿದು ಹೋಗುತ್ತದೆ. ಫಾಲರ್ ಕಂಪನಿ 1989ರಲ್ಲಿ ತಂದ ವ್ಯವಸ್ಥೆ ಇದು. ನಮ್ಮಲ್ಲಿ ನೋಡಬೇಕು ಅನ್ನುವವರು ಪುಣೆಯ ಕೋಥ್ರೂಡಿಗೆ ಹೋಗಿ ಬನ್ನಿ. ಅಲ್ಲಿನ ಜೋಶಿ ಅವರ ಪುಟ್ಟ ರೈಲುಗಳ ಮ್ಯೂಸಿಯಂ 1998ರಿಂದ ಇದೆ. ಕತ್ತಲೆ ಮಾಡಿ ತೋರಿಸುತ್ತಾರೆ.

ನನಗೆ ಇವೆಲ್ಲಕ್ಕಿಂತ ಹತ್ತಿರ ಅನ್ನಿಸುವುದು ಅಮೆರಿಕದ ಎಂಐಟಿ ಅನ್ನುವ ತಾಂತ್ರಿಕ ವಿದ್ಯಾಲಯದ ಮಾದರಿ ರೈಲು ಕ್ಲಬ್. 1946ರಲ್ಲಿ ಶುರುವಾದದ್ದು. ಅಲ್ಲಿ ಎರಡು ಬಗೆಯ ಹುಡುಗರಿದ್ದರು. ಒಂದಷ್ಟು ಜನ ಮೇಲೆ ಗುಡ್ಡ, ಮರ, ಬೋಗಿ ಮಾಡುತ್ತಿದ್ದರು. ಇನ್ನೊಂದಷ್ಟು ಜನಕ್ಕೆ ಹಲಗೆಯ ಅಡಿಯದೇ ಹುಚ್ಚು. ಟೆಲಿಫೋನ್ ಕಂಪನಿಯ ಹಳೇ ರಿಲೇಗಳನ್ನು, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ಚುಗಳನ್ನು ತಂದು, ಯಾವ ಹಳಿಗೆ ಯಾವಾಗ ಕರೆಂಟು ಹೋಗಬೇಕು ಅಂತ ಅಡಿಯಲ್ಲಿ ಮಲಗಿಕೊಂಡು ತಂತಿ ಎಳೆಯುತ್ತಿದ್ದರು. ಒಳ್ಳೆಯ ಕೈಚಳಕದ ಕೆಲಸಕ್ಕೆ ಅವರು ‘ಹ್ಯಾಕ್’ ಅನ್ನುತ್ತಿದ್ದರು. ಹ್ಯಾಕರ್ ಅನ್ನುವ ಮಾತು ಕಂಪ್ಯೂಟರ್ ಲೋಕಕ್ಕೆ ಹೋದದ್ದು ಹೆಚ್ಚಾಗಿ ಅಲ್ಲಿಂದಲೇ. 1962ರಲ್ಲಿ ಅದೇ ಕ್ಲಬ್ಬಿನ ಹುಡುಗರು ಪಿಡಿಪಿ-1 ಕಂಪ್ಯೂಟರಿನಲ್ಲಿ ‘ಸ್ಪೇಸ್‌ವಾರ್’ ಆಟ ಮಾಡಿದಾಗ, ಆಡುವುದಕ್ಕೆ ಬೇಕಾದ ಸ್ವಿಚ್ ಡಬ್ಬಿಗಳನ್ನೂ ಕ್ಲಬ್ಬಿನಲ್ಲಿ ಬಿದ್ದಿದ್ದ ಸಾಮಾನಿನಿಂದಲೇ ಕಟ್ಟಿದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತೆಗೆದು ನೋಡಬಹುದು, ತಿದ್ದಬಹುದು. ಅದು ಅಲ್ಲಿನ ರೂಢಿ.

ಯುರೋಪಿನ ಮಾದರಿ ರೈಲು ಹವ್ಯಾಸಿಗಳ ಫ್ರೆಮೋ ಬಳಗದವರು 1981ರಿಂದ ಇದನ್ನೇ ಹಲಗೆಯ ಮಟ್ಟದಲ್ಲಿ ಮಾಡುತ್ತಿದ್ದಾರೆ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಒಂದೊಂದು ತುಂಡು ಕಟ್ಟುತ್ತಾರೆ. ತುದಿಯ ಅಳತೆ, ಹಳಿಯ ಎತ್ತರ, ತಂತಿಯ ಪ್ಲಗ್ಗು ಮಾತ್ರ ಎಲ್ಲರದೂ ಒಂದೇ. ಒಂದು ದಿನ ಯಾವುದೋ ಹಾಲಿನಲ್ಲಿ ಸೇರಿ ಎಲ್ಲವನ್ನೂ ಜೋಡಿಸುತ್ತಾರೆ, ಉದ್ದದ ರೈಲು ದಾರಿ ಆಗುತ್ತದೆ. ನಮ್ಮ ಗುಂಪಿನಲ್ಲಿ ನಾವು ನಾಲ್ಕು ಜನ. ಅಷ್ಟೇ ಜನ ಸಾಕು. ಇವತ್ತು ಇಲ್ಲಿ ಮೂರು ಹಲಗೆ ಜೋಡಿಸಿದ್ದೇವೆ, ನಾಲ್ಕನೆಯದಕ್ಕೆ ಇನ್ನೂ ಗುಡ್ಡ ಆಗಿಲ್ಲ, ಬರೀ ಥರ್ಮಾಕೋಲ್. ಅದನ್ನೂ ತನ್ನಿ ಅಂತ ನಾನೇ ಹೇಳಿದೆ.

ನನ್ನ ಬೇಡಿಕೆ ಇದೇ. ನಾವು ಲೇಔಟ್ ತೋರಿಸುವಾಗ ಮುಗಿದದ್ದನ್ನು ಮಾತ್ರ ತೋರಿಸುತ್ತೇವೆ. ಚಂದದ ಫೋಟೋ, ಸಂಜೆ ಬೆಳಕು, ಹೊಳೆಯುವ ಇಂಜಿನ್. ನೋಡಿದ ಹೊಸಬರು ‘ಇದು ನಮ್ಮ ಕೈಲಿ ಆಗೋದಲ್ಲ’ ಅಂತ ಹೊರಟು ಹೋಗುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೆ ಹೊರಟು ಹೋಗಿದ್ದವನು. ಒಬ್ಬ ಹಿರಿಯರು ಅವರ ಹಲಗೆಯನ್ನು ಎತ್ತಿ ಅಡಿಯಲ್ಲಿನ ತಂತಿ, ಟೇಪು, ಎರಡು ಸಲ ಹಾಕಿದ ಬೆಸುಗೆ ತೋರಿಸಿದ ಮೇಲೆ ನಾನು ವಾಪಸ್ ಬಂದೆ. ಅದಕ್ಕೇ ಕೇಳುತ್ತಿದ್ದೇನೆ, ಮೂತಿ ಕರಗಿದ ಲಾರಿಯನ್ನು ಎಸೆಯಬೇಡಿ, ತನ್ನಿ. ಯಾವ ರೆಸಿಸ್ಟರ್ ಹಾಕಿದಿರಿ ಅಂತ ಚೀಟಿ ಬರೆದು ಅಂಟಿಸಿ. ಯಾವ ತಂತಿ ಯಾವ ದೀಪಕ್ಕೆ ಅಂತ ಹಲಗೆಯ ಅಡಿಯಲ್ಲೇ ಮಾರ್ಕರಿನಲ್ಲಿ ಬರೆದಿಡಿ.

ಈಗ ಹಾಲಿನ ಟ್ಯೂಬ್‌ಲೈಟ್ ಆರಿಸುತ್ತೀರಾ? ಕಿಟಕಿಯ ಪರದೆಯೂ ಎಳೆಯಿರಿ. ಕಣ್ಣು ಕತ್ತಲಿಗೆ ಒಗ್ಗಲು ಒಂದು ನಿಮಿಷ ಬೇಕು.

(ದೀಪ ಆರಿಸಿದ ಮೇಲೆ ನಾನು ಮಾತು ನಿಲ್ಲಿಸಿದೆ. ಗಾಡಿ ಸುರಂಗದಿಂದ ಬಂದು ಸೇತುವೆ ದಾಟಿ ಹೋಯಿತು, ಕೊನೆಯ ಬೋಗಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು. ಆಮೇಲೆ ಒಬ್ಬೊಬ್ಬರಾಗಿ ಲಾರಿಯ ಹತ್ತಿರ ಬಗ್ಗಿ ನೋಡಿದರು. ದೀಪ ಹಾಕಿ, ಇಬ್ಬರು ಸೇರಿ ಹಲಗೆಯನ್ನು ಪಕ್ಕಕ್ಕೆ ಎತ್ತಿ ನಿಲ್ಲಿಸಿದೆವು. ಹಿಂದಿನ ಸಾಲಿನಲ್ಲಿ ಕೂತಿದ್ದ ಕಾಲೇಜು ಹುಡುಗಿ ಮುಂದೆ ಬಂದು ಸ್ವಲ್ಪ ಹೊತ್ತು ತಂತಿಗಳನ್ನೇ ನೋಡಿ, “ಸರ್, ಈ ನೀಲಿ ತಂತಿ ಬಿಟ್ಟುಕೊಂಡಿದೆ ಅಲ್ವಾ?” ಅಂದಳು. ಹೌದು, ಬಿಟ್ಟುಕೊಂಡಿತ್ತು. ಹಲಗೆಯ ಮೇಲಿನ ಬೀಡಿ ಅಂಗಡಿಯ ದೀಪ ಉರಿದಿಲ್ಲ ಅಂತ ನಾನು ಗಮನಿಸಿರಲೇ ಇಲ್ಲ. ಐರನ್ ಕಾಯುವ ತನಕ ತಂತಿಯನ್ನು ಅವಳೇ ಹಿಡಿದುಕೊಂಡಿದ್ದಳು.)